ಚುಕ್ಕಿಯ ವಹಿ ಮತ್ತು ಕೆಂಪು ಮಸಿಯ ಗೀಟು

ಕಳೆದ ದೀಪಾವಳಿಯ ರಜೆಗೆ ಮೊಮ್ಮಗಳು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದಿದ್ದಳು. ಪದವಿಪೂರ್ವ ಮೊದಲ ವರ್ಷದ ವಿಜ್ಞಾನ ವಿಭಾಗದಲ್ಲಿ ಓದುತ್ತಿರುವ ಹುಡುಗಿ. ಚುರುಕು ಬುದ್ಧಿ, ಆದರೆ ಮರೆವು ಹೆಚ್ಚು. ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ಒಪ್ಪಿಸುವ ದಿನವನ್ನು ಎರಡು ಸಲ ಮರೆತು ಬೈಸಿಕೊಂಡಿದ್ದಳಂತೆ. ಒಂದು ಸಂಜೆ ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದಾಗ ಒಂದು ಚೀಟಿ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು.

"ಅಜ್ಜಾ, ನಾ ಒಂದು ಬುಲೆಟ್ ಜರ್ನಲ್ ಇಡಬೇಕಂತ ಮಾಡೀನಿ."

"ಬಂದೂಕಿನ ಗುಂಡಿಗೂ ವಹಿಗೂ ಏನ ಸಂಬಂಧ ಐತಿ ತಂಗಿ?" ಎಂದೆ.

ಅವಳು ನಕ್ಕು, ಬುಲೆಟ್ ಎಂದರೆ ಗುಂಡಲ್ಲ, ಸಾಲಿನ ಆರಂಭದಲ್ಲಿ ಇಡುವ ದಪ್ಪ ಚುಕ್ಕಿ ಎಂದು ವಿವರಿಸಿದಳು. ಆಮೇಲೆ ಚೀಟಿಯನ್ನು ನನ್ನ ಕೈಗಿತ್ತಳು. ಚುಕ್ಕಿ ಮುದ್ರಿಸಿದ ಹಾಳೆಗಳ ದಪ್ಪ ರಟ್ಟಿನ ವಹಿಗೆ 650 ರೂಪಾಯಿ, ಕುಂಚದ ತುದಿಯ ಬಣ್ಣದ ಪೆನ್ನುಗಳಿಗೆ 900, ಚಿತ್ತಾರದ ಅಂಟುಪಟ್ಟಿಗಳಿಗೆ 350, ಸ್ಟಿಕರುಗಳಿಗೆ 250, ಅಕ್ಷರ ಮತ್ತು ಹೂಬಳ್ಳಿ ಬಿಡಿಸುವ ಅಚ್ಚುಗಳಿಗೆ 300, ಬಿಳಿ ಮಸಿಯ ಒಂದು ಪೆನ್ನಿಗೆ 120. ಒಟ್ಟು 2,570 ರೂಪಾಯಿ. ಮೊಬೈಲಿನಲ್ಲಿ ನೋಡಿ ಬರೆದುಕೊಂಡ ಪಟ್ಟಿ ಅದು. ನಾನು ಲೆಕ್ಕ ಕೂಡಿಸುತ್ತಿದ್ದಂತೆಯೇ ಅವಳು ಚೀಟಿಯನ್ನು ಮರಳಿ ತೆಗೆದುಕೊಂಡಳು.

"ಅಪ್ಪಗ ಕೇಳೂದಿಲ್ಲ ಅಜ್ಜಾ. ಈ ಸಲದ ಫೀ ತುಂಬೂದ ಕಷ್ಟ ಆಗೇತಿ. ಸುಮ್ಮನ ನಿನಗ ತೋರಿಸಿದೆ. ಇದೆಲ್ಲಾ ರೊಕ್ಕ ಇದ್ದವರಿಗೆ ಅಷ್ಟ."

ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ದಿನಚರಿ ಬರೆಯುವುದು, ಮಾಡಬೇಕಾದ ಕೆಲಸವನ್ನು ಗುರುತಿಸಿಟ್ಟುಕೊಳ್ಳುವುದು, ಅದನ್ನು ತನಗೆ ಬೇಕಾದಂತೆ ಚೆಂದಗೊಳಿಸುವುದು, ಇವು ಯಾವಾಗಿನಿಂದ ಹಣವಂತರ ಸೊತ್ತಾದವು? ಈ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ವಹಿಗಳ ವಿಷಯದಲ್ಲಿ ನನ್ನ ಲೆಕ್ಕವೂ ಒಂದು ಬಾಕಿ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಪದ್ಧತಿಯ ಮೂಲವನ್ನು ನೋಡೋಣ. ಇದನ್ನು ರೂಪಿಸಿದವರು ರೈಡರ್ ಕ್ಯಾರೊಲ್ ಎಂಬ ವಿನ್ಯಾಸಕಾರರು. ಬಾಲ್ಯದಿಂದಲೂ ಗಮನ ಒಂದೆಡೆ ನಿಲ್ಲದ ತೊಂದರೆ ಅವರಿಗಿತ್ತು. ತಮ್ಮ ತೊಂದರೆಗೆ ತಾವೇ ಕಂಡುಕೊಂಡ ಉಪಾಯವನ್ನು 2013ರಲ್ಲಿ ಜಗತ್ತಿನ ಮುಂದಿಟ್ಟರು. 2018ರಲ್ಲಿ ಅದೇ ಕುರಿತು ಪುಸ್ತಕ ಬರೆದರು. ಉಪಾಯ ಬಹು ಸರಳವಾದುದು. ಮಾಡಬೇಕಾದ ಕೆಲಸದ ಮುಂದೆ ಒಂದು ಚುಕ್ಕಿ, ಸಮಾರಂಭ ಅಥವಾ ಘಟನೆಯ ಮುಂದೆ ಒಂದು ಸೊನ್ನೆ, ನೆನಪಿಡಬೇಕಾದ ಸಂಗತಿಯ ಮುಂದೆ ಒಂದು ಅಡ್ಡಗೀಟು. ಕೆಲಸ ಮುಗಿದರೆ ಚುಕ್ಕಿಯ ಮೇಲೆ ಗುಣಾಕಾರ ಚಿಹ್ನೆ. ತಿಂಗಳ ಕೊನೆಗೆ ಉಳಿದ ಕೆಲಸಗಳನ್ನು ಒಂದೊಂದಾಗಿ ನೋಡಿ, ಇನ್ನೂ ಬೇಕಾದುದನ್ನು ಬಾಣದ ಗುರುತು ಹಾಕಿ ಮುಂದಿನ ತಿಂಗಳಿಗೆ ಕೈಯಾರೆ ಬರೆದುಕೊಳ್ಳುವುದು, ಬೇಡವಾದುದನ್ನು ಹೊಡೆದುಹಾಕುವುದು. ಪುಟಗಳಿಗೆ ಸಂಖ್ಯೆ, ಆರಂಭದಲ್ಲಿ ಒಂದು ಪರಿವಿಡಿ. ಇಷ್ಟೇ. ಇದಕ್ಕೆ ಬೇಕಾದ ಸಾಮಗ್ರಿ ಒಂದು ವಹಿ, ಒಂದು ಪೆನ್ನು. ಹೂಬಳ್ಳಿ, ಬಣ್ಣ, ಅಂಟುಪಟ್ಟಿಗಳೆಲ್ಲ ಆಮೇಲೆ ಬಂದವು. ಜನರು ತಮ್ಮ ವಹಿಯ ಪುಟಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಹಂಚಿದಂತೆ ಚೆಂದದ ಪೈಪೋಟಿ ಹುಟ್ಟಿತು. ಪೈಪೋಟಿಯ ಹಿಂದೆಯೇ ಅಂಗಡಿಯೂ ಬಂದಿತು.

ಈ ಪದ್ಧತಿಯನ್ನು ಕೇಳಿದಾಗ ನನಗೆ ನೆನಪಾದದ್ದು ನನ್ನ ತಾಯಿ. ಹಳೆಯ ಬಾಗಲಕೋಟೆಯಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಮೇಲೆ, ಒಲೆಯ ಬಲಬದಿಗೆ, ಇದ್ದಿಲಿನಿಂದ ಆಕೆ ಹಾಲಿನ ಲೆಕ್ಕ ಬರೆಯುತ್ತಿದ್ದಳು. ದಿನಕ್ಕೊಂದು ಗೀಟು, ಐದನೆಯದು ಅಡ್ಡಗೀಟು. ಗೌಳಿ ಬಾರದ ದಿನ ಒಂದು ಸೊನ್ನೆ. ಜೋಳ ಬೀಸಿಸಬೇಕಾದ ದಿನಕ್ಕೆ ಒಂದು ಚುಕ್ಕಿ. ತಿಂಗಳ ಕೊನೆಗೆ ಒದ್ದೆ ಅರಿವೆಯಿಂದ ಒರೆಸಿ, ಬಾಕಿ ಉಳಿದುದನ್ನು ಮತ್ತೆ ಮೇಲೆ ಬರೆಯುತ್ತಿದ್ದಳು. ಅಕ್ಷರ ಬಾರದ ಹೆಣ್ಣುಮಗಳು ಆಕೆ. ಆದರೆ ಅದರ ಸುತ್ತ ಸುಣ್ಣದಲ್ಲಿ ಒಂದು ಎಳೆಯ ಬಳ್ಳಿ ಬಿಡಿಸಿದ್ದಳು. ಯಾರು ನೋಡಲೆಂದು ಬಿಡಿಸಿದಳೋ! ಅಡುಗೆಮನೆಗೆ ಹೊರಗಿನವರು ಬರುತ್ತಿರಲಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿದಾಗ ಆ ಗೋಡೆಯೂ ಹೋಯಿತು. ನಾವು ನವನಗರಕ್ಕೆ ಬಂದೆವು.

ಮಾಸ್ತರರಾದ ನಮಗೂ ಇದು ಹೊಸದಲ್ಲ. ನಮ್ಮ ಭಾಗದಲ್ಲಿ ಪಾಠದ ಟಿಪ್ಪಣಿಗೆ ಟಾಚಣ ಎನ್ನುತ್ತೇವೆ. ನಾಳೆ ಯಾವ ತರಗತಿಗೆ ಏನು ಕಲಿಸಬೇಕು, ಯಾವುದು ಉಳಿಯಿತು, ಯಾವ ಹುಡುಗನಿಗೆ ತಿಳಿಯಲಿಲ್ಲ ಎಂಬುದನ್ನೆಲ್ಲ ಟಾಚಣ ವಹಿಯಲ್ಲಿ ಬರೆಯಬೇಕಿತ್ತು. ಇನ್ನೂ ಹಿಂದಕ್ಕೆ ಹೋದರೆ ಕನ್ನಡ ನಾಡಿನಲ್ಲಿ ಕಡತವೆಂಬುದಿತ್ತು. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆ ಬೀಜದ ಅಂಟನ್ನು ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುವಾಗ ಆ ಬಟ್ಟೆಯ ನೆನಪು ಯಾರಿಗೂ ಇರುವುದಿಲ್ಲ. ಹೇಳಬೇಕೆಂದಿರುವುದು ಇಷ್ಟೇ: ಇದ್ದುದರಲ್ಲಿ ವಹಿ ಮಾಡಿಕೊಳ್ಳುವುದು ನಮ್ಮವರಿಗೆ ಬಡತನದ ಲಕ್ಷಣವಾಗಿರಲಿಲ್ಲ, ಅದೊಂದು ಜಾಣತನವಾಗಿತ್ತು.

ಮರುದಿನ ಮೊಮ್ಮಗಳನ್ನು ಕರೆದುಕೊಂಡು ಪೇಟೆಗೆ ಹೋದೆ. ಪ್ರಾಥಮಿಕ ಶಾಲೆಯ ಮಕ್ಕಳು ಅಂಕಿ ಬರೆಯುವ ಚೌಕಳಿ ನೋಟ್‌ಬುಕ್ಕು ಎರಡು, ಒಂದಕ್ಕೆ 28 ರೂಪಾಯಿಯಂತೆ 56. ಕಪ್ಪು ಜೆಲ್ ಪೆನ್ನು 10. ಕೆಂಪು, ಹಸಿರು ಬಾಲ್ ಪೆನ್ನು ಎರಡಕ್ಕೆ 10. ಬಣ್ಣದ ಪೆನ್ಸಿಲಿನ ಸಣ್ಣ ಪೆಟ್ಟಿಗೆ 35. ಒಂದು ಗ್ರಾಫ್ ಹಾಳೆ 2. ಒಟ್ಟು 113 ರೂಪಾಯಿ. ಚುಕ್ಕಿ ಮುದ್ರಿಸಿದ ವಹಿ ಏಕೆ ಬೇಕು? ಚೌಕಗಳು ಕೂಡುವ ಮೂಲೆ ಮೂಲೆಯೂ ಒಂದು ಚುಕ್ಕಿಯೇ. ದಿನವೂ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎರಡೂ ನೋಟ್‌ಬುಕ್ಕುಗಳ ಪಿನ್ನು ಬಿಚ್ಚಿ, ಹಾಳೆಗಳನ್ನು ಸೇರಿಸಿ, ದಬ್ಬಣದಿಂದ ತೂತು ಮಾಡಿ ದಪ್ಪ ನೂಲಿನಿಂದ ಹೊಲಿದೆವು. ರಟ್ಟಿಗೆ ಹಳೆಯ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದು ಅಂಟಿಸಿದೆವು. ದೇವರ ಚಿತ್ರವಿದ್ದ ಭಾಗವನ್ನು ನನ್ನ ಹೆಂಡತಿ ಮೊದಲೇ ಕತ್ತರಿಸಿ ಜಗಲಿಯ ಮೇಲಿಟ್ಟಳು. ಅಂಟಿಗೆ ಮೈದಾ ಹಿಟ್ಟು ಕುದಿಸಿದೆವು. ಪರಿಚಯದ ದರ್ಜಿಯ ಅಂಗಡಿಯಲ್ಲಿ ಗುಳೇದಗುಡ್ಡದ ಖಣದ ತುಂಡುಗಳು ಬಿದ್ದಿದ್ದವು. ಕುಪ್ಪಸಕ್ಕೆ ಕತ್ತರಿಸಿ ಉಳಿದವು. ಕೇಳಿದ ಕೂಡಲೇ ಒಂದು ಹಿಡಿ ಕೊಟ್ಟರು. ಅದನ್ನು ಹೊದಿಕೆ ಮಾಡಿದೆವು. ಅಚ್ಚುಗಳ ಬದಲಿಗೆ ಅಜ್ಜಿಯ ಬಳೆ, ನನ್ನ ಹಳೆಯ ಕಂಪಾಸು. ಆ ವಹಿಯನ್ನು ಕೈಯಲ್ಲಿ ಹಿಡಿದಾಗ ಅವಳ ಮುಖ ನೋಡಬೇಕಿತ್ತು. ಪೇಟೆಯ ವಹಿಯಷ್ಟು ನೇರವಾಗಿರಲಿಲ್ಲ, ಒಂದು ಮೂಲೆ ಸೊಟ್ಟಗಾಗಿತ್ತು. ಆದರೆ ಅಂಥದು ಮತ್ತೊಂದಿಲ್ಲ.

ಅದರಲ್ಲಿ ಅವಳು ಮೊದಲು ಮಾಡಿದ್ದು ಪುಟದ ಅಂಚಿಗೆ ದಡಿ ಬಿಡಿಸುವ ಕೆಲಸ. ಚೌಕ ಎಣಿಸುತ್ತ, ತುಟಿ ಅಲುಗಿಸುತ್ತ, ಪೆನ್ಸಿಲು ಓಡಿಸುತ್ತಿದ್ದಳು. ಅದನ್ನು ನೋಡುತ್ತ ಕುಳಿತಾಗ ನನ್ನ ಕೈ ತಣ್ಣಗಾಯಿತು. ಮೇಲೆ ಹೇಳಿದ ಬಾಕಿ ಲೆಕ್ಕ ನೆನಪಿಗೆ ಬಂದದ್ದು ಆಗ.

1993ರ ಮಾತು. ಬಾಗಲಕೋಟೆ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ; ಅದು ಆದದ್ದು 1997ರಲ್ಲಿ. ಹುನಗುಂದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಇಳಕಲ್ಲಿನಲ್ಲಿ ಬೇರೆಯವರ ಮಗ್ಗದ ಮೇಲೆ ಕೂಲಿಗೆ ಸೀರೆ ನೇಯುತ್ತಿದ್ದರು. ಗಣಿತಕ್ಕೆ ಗೆರೆಯ ಲಾಂಗ್‌ಬುಕ್ಕನ್ನೇ ತರಬೇಕು, ಕಂದು ಕಾಗದದ ಹೊದಿಕೆ ಹಾಕಿರಬೇಕು ಎಂಬುದು ನನ್ನ ಕಟ್ಟಪ್ಪಣೆ. ಅವಳು ತಂದದ್ದು ತಮ್ಮನ ಚೌಕಳಿ ವಹಿಯಲ್ಲಿ ಉಳಿದ ಹಾಳೆಗಳನ್ನು ಕಿತ್ತು ಹೊಲಿದ ವಹಿ. ಸಾಲದ್ದಕ್ಕೆ ಪ್ರತಿ ಪುಟದ ಎಡ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಚಿತ್ತಾರ. ಇಳಕಲ್ ಸೀರೆಯ ಸೆರಗಿನಲ್ಲಿ ಬರುವ ತೆನಿಯಂತೆ ಏರಿ ಇಳಿಯುವ ಮೊನೆಗಳು. ನಾನು ಕೆಂಪು ಮಸಿಯ ಪೆನ್ನಿನಿಂದ ಮೇಲಿನಿಂದ ಕೆಳಗೆ ಒಂದು ಗೀಟು ಎಳೆದೆ. "ಅನಗತ್ಯ. ಗಣಿತದ ವಹಿಯಲ್ಲಿ ಚಿತ್ರ ಬೇಡ" ಎಂದು ಬರೆದೆ. ಬರೆದುದನ್ನು ತರಗತಿಯ ಮುಂದೆ ಓದಿಯೂ ಹೇಳಿದೆ. ಹುಡುಗರು ನಕ್ಕರು. ಮುಂದಿನ ವಾರದಿಂದ ಅವಳ ವಹಿಯ ಅಂಚು ಬರಿದಾಯಿತು. ನನಗೆ ತೃಪ್ತಿಯಾಯಿತು. ಶಿಸ್ತು ಬಂದಿತು ಎಂದುಕೊಂಡೆ. ಅವಳು ಕೈ ಎತ್ತಿ ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿದ್ದಾಳೆ ಎಂಬುದು ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಮೂವತ್ತು ವರ್ಷಗಳ ಮೇಲೆ, ಮೊಮ್ಮಗಳು ಚೌಕ ಎಣಿಸುವುದನ್ನು ನೋಡುವಾಗ, ಆ ಪುಟ ಕಣ್ಣಿಗೆ ಕಟ್ಟಿತು. ಆ ವಹಿಯ ಉದ್ದದಲ್ಲಿ 28 ಚೌಕಗಳಿದ್ದವು. ಒಂದು ತೆನಿಗೆ 6 ಚೌಕ. 28ನ್ನು 6ರಿಂದ ಭಾಗಿಸಿದರೆ 4 ತೆನಿ ಬಂದು 4 ಚೌಕ ಉಳಿಯುತ್ತವೆ. ಅವಳು ಮೇಲೆ 2, ಕೆಳಗೆ 2 ಚೌಕ ಖಾಲಿ ಬಿಟ್ಟು ತೆನಿಗಳನ್ನು ನಟ್ಟನಡುವೆ ಕೂಡಿಸಿದ್ದಳು. ಪ್ರತಿ ಪುಟದಲ್ಲಿಯೂ ಹಾಗೆಯೇ. ಭಾಗಾಕಾರ, ಶೇಷ, ಸಮಮಿತಿ ಎಲ್ಲವೂ ಆ ಅಂಚಿನಲ್ಲಿದ್ದವು. ನಾನು ಕಪ್ಪು ಹಲಗೆಯ ಮೇಲೆ ಕಲಿಸಲು ಹೆಣಗುತ್ತಿದ್ದ ಗಣಿತವನ್ನು ಅವಳು ತಂದೆಯ ಮಗ್ಗದಿಂದ ಕಲಿತು ಬಂದಿದ್ದಳು. ಗಣಿತದ ಮಾಸ್ತರ ಅದರ ಮೇಲೆಯೇ ಗೀಟು ಎಳೆದ. ಆಮೇಲೆ ನನಗೆ ಬೇರೆಡೆ ವರ್ಗವಾಯಿತು. ಅವಳನ್ನು ಮತ್ತೆ ನೋಡಲಿಲ್ಲ.

ಇದನ್ನು ಬರೆಯುವ ಉದ್ದೇಶ ಪಶ್ಚಾತ್ತಾಪವನ್ನು ಪ್ರದರ್ಶಿಸುವುದಲ್ಲ. ಅಂದು ನಾನು ಮಾಡಿದ ತಪ್ಪಿಗೂ ಇಂದು ಪೇಟೆ ಮಾಡುತ್ತಿರುವ ತಪ್ಪಿಗೂ ನಂಟಿದೆ. ಅಂಚಿನ ಚಿತ್ತಾರ ವ್ಯರ್ಥ ಎಂದು ನಾನು ಹೇಳಿದೆ. ಚಿತ್ತಾರ ಬೇಕಾದರೆ ಕೊಳ್ಳಬೇಕು ಎಂದು ಪೇಟೆ ಹೇಳುತ್ತಿದೆ. ಎರಡೂ ಮಾತು ಕೊನೆಗೆ ಬಡ ಮಗುವಿನ ಕೈಯಿಂದ ಪೆನ್ಸಿಲನ್ನು ಕಸಿಯುವಂಥವೇ. ಅಲಂಕಾರ ಕೊಳ್ಳುವ ವಸ್ತುವಲ್ಲ, ಮಾಡುವ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಸೀಮೆಯನ್ನೇ ನೋಡಿರಿ. ಕಸೂತಿ ಹಾಕುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲ ಮೂಡುತ್ತವೆ. ಬಾದಾಮಿಯ ಶಿಲ್ಪಿಗಳು ಎಲ್ಲಿಂದಲೋ ಅಮೃತಶಿಲೆ ತರಿಸಲಿಲ್ಲ. ಊರ ಪಕ್ಕದ ಕೆಂಪು ಮರಳುಗಲ್ಲಿನ ಗುಡ್ಡವನ್ನೇ ಕೊರೆದರು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಎರಡನೆಯ ಗುಹೆಯ ಮಾಳಿಗೆಯಲ್ಲಿ ಒಂದು ಚಕ್ರವಿದೆ; ಅದರ ಹದಿನಾರು ಅರಗಳೂ ಮೀನುಗಳು. ರಜೆ ಮುಗಿಯುವ ಮುನ್ನ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದೆ. ಕತ್ತು ನೋಯುವವರೆಗೆ ನೋಡಿದಳು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ವಹಿ ಬಿಚ್ಚಿದಳು. "ಅಜ್ಜಾ, ವರ್ಷದ ಪುಟಕ್ಕ ಇದನ್ನ ಹಾಕ್ತೀನಿ. ಆದರ ತಿಂಗಳು ಹನ್ನೆರಡು, ಮೀನು ಹದಿನಾರು. ಹೆಂಗ ಮಾಡೂದು?"

ನಿವೃತ್ತ ಮಾಸ್ತರನಿಗೆ ಇದಕ್ಕಿಂತ ಹಬ್ಬ ಬೇಕೆ? ಹದಿನಾರು ಬೇಕಾದರೆ ವೃತ್ತವನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹೀಗೆ ಅರ್ಧಿಸುತ್ತ ಹೋಗಬೇಕು. ಹನ್ನೆರಡು ಬೇಕಾದರೆ ಕಂಪಾಸಿನ ಅಗಲವನ್ನು ಬದಲಿಸದೆ ಅದೇ ತ್ರಿಜ್ಯದಿಂದ ಪರಿಧಿಯ ಮೇಲೆ ಹೆಜ್ಜೆ ಹಾಕಬೇಕು. ಸರಿಯಾಗಿ ಆರು ಹೆಜ್ಜೆಗೆ ಹೊರಟ ಜಾಗಕ್ಕೆ ಮರಳುತ್ತದೆ. ಆರನ್ನು ಅರ್ಧಿಸಿದರೆ ಹನ್ನೆರಡು. ಅವಳು ಹನ್ನೆರಡು ಮೀನು ಬಿಡಿಸಿ, ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ತಿಂಗಳಿನ ಹೆಸರು ಬರೆದಳು. ಆ ಪುಟಕ್ಕೆ ತಗುಲಿದ ಖರ್ಚು ಒಂದು ಹಾಳೆ.

ಇಳಕಲ್ಲಿನಿಂದ ನಾವು ಒಂದು ಶಬ್ದವನ್ನೂ ತಂದೆವು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಉಳಿದ ಕೆಲಸವನ್ನು ಮುಂದಿನ ತಿಂಗಳಿಗೆ ಒಯ್ಯುವುದಕ್ಕೆ ಮೊಮ್ಮಗಳು ಈಗ ಕೊಂಡಿ ಹಾಕುವುದು ಎನ್ನುತ್ತಾಳೆ. ಕ್ಯಾರೊಲ್ ಅವರ ಪದ್ಧತಿಯ ಜೀವಾಳ ಇದೇ ಎಂದು ನನಗೆ ತೋರುತ್ತದೆ. ಒಂದು ಕೆಲಸವನ್ನು ಮತ್ತೆ ಕೈಯಿಂದ ಬರೆಯಬೇಕಾದ ಶ್ರಮವೇ ಅದು ಬೇಕೋ ಬೇಡವೋ ಎಂದು ಕೇಳುತ್ತದೆ.

ಇನ್ನು ಆಕ್ಷೇಪಣೆಗಳು. ಇದೆಲ್ಲ ಮೊಬೈಲಿನಲ್ಲಿ ಆಗುವುದಿಲ್ಲವೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಆಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಒಂದೇ ಮೊಬೈಲು. ಅದು ತಂದೆಯ ಜೇಬಿನಲ್ಲಿರುತ್ತದೆ. ವಹಿ ಮಗುವಿನ ಚೀಲದಲ್ಲಿರುತ್ತದೆ. ಚಿತ್ತಾರ ಬಿಡಿಸುತ್ತ ಕುಳಿತರೆ ಓದುವುದು ಯಾವಾಗ ಎಂದು ಇನ್ನೊಬ್ಬರು ಕೇಳಿದರು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಚೆಂದಕ್ಕೆ ಸೋತು ಕೆಲಸವನ್ನೇ ಮರೆಯುವವರಿದ್ದಾರೆ. ಪುಟ ಕೆಟ್ಟರೆ ವಹಿಯನ್ನೇ ಬಿಡುವವರೂ ಇದ್ದಾರೆ. ಅದಕ್ಕೆಂದು ಮೊಮ್ಮಗಳಿಗೆ ಮೂರು ಮಾತು ಹೇಳಿದೆ. ಮೊದಲು ಬರೆ, ಆಮೇಲೆ ಬಿಡಿಸು. ಬಿಡಿಸುವುದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪಿದ ಪುಟವನ್ನು ಹರಿಯಬೇಡ, ಒಂದು ಗೀಟು ಎಳೆದು ಮುಂದೆ ಸಾಗು. ಮೂರನೆಯದನ್ನು ಹೇಳುವಾಗ ಗೀಟು ಕೆಂಪಾಗಿರಬಾರದು ಎಂದು ಸೇರಿಸಿದೆ. ಏಕೆಂದು ಅವಳು ಕೇಳಲಿಲ್ಲ.

ಕೊನೆಯದಾಗಿ ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ಇಂದು ಶಾಲೆಗಳಲ್ಲಿ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಮಕ್ಕಳಿಂದ ಹೊಳೆಯುವ ಕಾಗದ, ಥರ್ಮಾಕೋಲು, ಬಣ್ಣದ ಮುದ್ರಿತ ಚಿತ್ರಗಳನ್ನು ತರಿಸುವುದು ರೂಢಿಯಾಗಿದೆ. ಹೊಳಪಿಗೆ ಹೆಚ್ಚು ಅಂಕ ಬೀಳುತ್ತವೆ. ಅಂಕ ಬಿದ್ದದ್ದು ಮಗುವಿನ ಕೈಗೋ ತಂದೆಯ ಜೇಬಿಗೋ ಎಂದು ಯಾರೂ ಕೇಳುವುದಿಲ್ಲ. ಕೂಲಿಯವರ ಮಕ್ಕಳು ಅಲ್ಲಿಯೇ ಹಿಂದೆ ಬೀಳುತ್ತಾರೆ, ಮತ್ತು "ಇದು ರೊಕ್ಕ ಇದ್ದವರಿಗೆ ಅಷ್ಟ" ಎಂಬ ಪಾಠವನ್ನು ಪಠ್ಯಕ್ಕಿಂತ ಮೊದಲು ಕಲಿಯುತ್ತಾರೆ. ದಯವಿಟ್ಟು ಒಂದು ನಿಯಮ ಮಾಡಿರಿ: ಮನೆಯಲ್ಲಿ ಇದ್ದುದರಿಂದ ಮಾಡಿದುದಕ್ಕೆ ಮಾತ್ರ ಅಂಕ. ಮತ್ತು ಅಂಚಿನಲ್ಲಿ ಏನಾದರೂ ಬಿಡಿಸಿದ್ದರೆ, ಗೀಟು ಎಳೆಯುವ ಮೊದಲು ಒಮ್ಮೆ ಚೌಕ ಎಣಿಸಿರಿ.

ಮೊಮ್ಮಗಳ ವಹಿ ಎಲ್ಲ ದಿನವೂ ತುಂಬುತ್ತಿಲ್ಲ. ನಡುವೆ ಒಂಬತ್ತು ದಿನ ಖಾಲಿ ಬಿದ್ದಿದ್ದವು, ನಾನು ನೋಡಿದ್ದೇನೆ. ಆದರೆ ಈ ಸಲ ರೆಕಾರ್ಡ್ ಪುಸ್ತಕವನ್ನು ದಿನಕ್ಕೆ ಸರಿಯಾಗಿ ಒಪ್ಪಿಸಿದಳಂತೆ. ಫೋನಿನಲ್ಲಿ ಹೇಳಿದಳು. ನಾನೂ 28 ರೂಪಾಯಿಯ ಒಂದು ಚೌಕಳಿ ವಹಿ ತಂದಿದ್ದೇನೆ. ಮಾತ್ರೆ ತೆಗೆದುಕೊಳ್ಳುವುದು, ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡುವುದು, ಬೆಳಕಿನ ಬಿಲ್ಲು ತುಂಬುವುದು ಎಲ್ಲಕ್ಕೂ ಒಂದೊಂದು ಚುಕ್ಕಿ ಇಟ್ಟಿದ್ದೇನೆ. ಮೊದಲ ಪುಟದ ಎಡ ಅಂಚಿಗೆ ತೆನಿ ಬಿಡಿಸಲು ಯತ್ನಿಸಿದೆ. ನನ್ನ ಕೈ ನಡುಗುತ್ತದೆ, ಮೊನೆಗಳು ಸರಿಯಾಗಿ ಬರಲಿಲ್ಲ. ಎಣಿಕೆ ಮಾತ್ರ ತಪ್ಪಿಲ್ಲ.